ರತ್ನಿಯ ಎಂಟು ಬೆರಳು

ಅಲ್ಲ ಅಲ್ಲ, ಅದು ತಿ. ನರಸೀಪುರದ ಸ್ಕೂಲಲ್ಲಲ್ಲ ಕಣ್ರೋ, ನಂಜನಗೂಡಿಗೆ ವರ್ಗ ಆದ್ಮೇಲೆ. ನರಸೀಪುರದಲ್ಲಿ ನಾನಿನ್ನೂ ಹೊಸ ಮಿಸ್ಸು, ಪುಸ್ತಕದಲ್ಲಿದ್ದಿದ್ದನ್ನ ಇದ್ದಂಗೇ ಒಪ್ಪಿಸ್ತಿದ್ದೆ. ನಂಜನಗೂಡಲ್ಲಿ ಅದು ನಡೀಲಿಲ್ಲ. ಯಾಕಂದ್ರೆ ನನ್ನ ನಾಲ್ಕನೇ ಕ್ಲಾಸಲ್ಲಿ ಅರ್ಧ ಜನ ದೇವಸ್ಥಾನದ ಮುಂದೆ ಹೂ ಮಾರೋರ ಮಕ್ಕಳು. ಬೆಳಿಗ್ಗೆ ಹೂ ಕಟ್ಟಿಕೊಟ್ಟು ಆಮೇಲೆ ಸ್ಕೂಲಿಗೆ ಬರೋವು. ಮೀಟರ್ರು ಸೆಂಟಿಮೀಟರ್ರು ಅಂದ್ರೆ ಮಂಕಾಗಿ ಕೂತ್ಕೊಳ್ಳೋವು. ಸರಿ, ನಾನೇ ಹಳೇ ಮದುವೆ ಕಾರ್ಡುಗಳ ಹಿಂದೆ ಮೊಳದ ಲೆಕ್ಕ ಬರೆದೆ. ಮೊಳ ಗೊತ್ತಲ್ಲ? ಮೊಣಕೈಯಿಂದ ನಡುಬೆರಳ ತುದೀವರೆಗೆ. ಹೂ ಮಾರೋದು ಅದರಲ್ಲೇ ಅಲ್ವಾ. ಒಂದೊಂದು ಮಗೂಗೆ ಒಂದು ಕಾರ್ಡು, ಒಂದು ದಾರ ಕೊಟ್ಟು, ಎಷ್ಟು ಮೊಳ ಅಂತ ಅಳೆದು ಬರೀರಿ ಅಂದೆ. ನನ್ನ ಕೈಯಲ್ಲೇ ಅಳೆದಿದ್ದು, ಸರಿಯಾಗಿ ಎರಡು ಮೊಳ. ಎಲ್ಲವೂ ಅಂದಾಜಲ್ಲಿ ಎರಡು ಅಂತ ಬರೆದವು. ರತ್ನಿ ಅಂತ ಒಬ್ಬಳು ಮಾತ್ರ ‘ಎರಡು ಮೊಳ ಎಂಟು ಬೆರಳು’ ಅಂತ ಬರೆದ್ಲು. ನಾನು ಕೆಂಪಿಂಕಲ್ಲಿ ತಪ್ಪು ಹಾಕ್ಬಿಟ್ಟೆ. “ಊವಿನೋಳ ಮಗಳಿಗೆ ಮೊಳ ಬರಕಿಲ್ವಂತೆ ಕಣ್ರಲಾ!” ಅಂತ ಮಕ್ಕಳು ನಕ್ಕವು. ಮಾರನೇ ದಿನದಿಂದ ಅವಳು ಬರಲಿಲ್ಲ.

ಒಂದು ವಾರ, ಅಲ್ಲ, ಹತ್ತು ದಿನ ಕಾದು ಅವರ ಅಂಗಡಿ ಹತ್ರ ಹೋದೆ. ಅಂಗಡಿ ಅಂದ್ರೆ ಒಂದು ಮಂಕರಿ, ಒಂದು ಗೋಣಿಚೀಲ, ಅಷ್ಟೇ. ಅವರವ್ವ, “ಬುಡಿ ಮಿಸ್ಸು, ಇವ್ಳ ತಲೆಗೆ ಲೆಕ್ಕ ಅತ್ತಾಕಿಲ್ವಂತೆ. ಇನ್ನ ಊವೇ ಕಟ್ಕೊಂಡಿರ್ಲಿ” ಅಂದ್ಲು. ಅಷ್ಟರಲ್ಲಿ ಯಾರೋ ಒಂದು ಮೊಳ ಮಲ್ಲಿಗೆ ಕೇಳಿದ್ರು. ರತ್ನಿ ತನ್ನ ಪುಟ್ಟ ಕೈಯಲ್ಲಿ ಒಂದು ಮೊಳ ಅಳೆದು, ಅದರ ಮುಂದಕ್ಕೆ ಇನ್ನೂ ನಾಲ್ಕು ಬೆರಳಗಲ ಸೇರಿಸಿ, ಆಮೇಲೆ ದಾರ ಕಿತ್ತಳು.

“ಅದ್ಯಾಕೇ ನಾಲ್ಕು ಬೆರಳು?”

“ನನ್ ಕೈ ಚಿಕ್ಕುದು ಮಿಸ್ಸು. ಅವ್ವನ ಮೊಳ ಆಗ್ಬೇಕಲ್ವಾ? ಇಲ್ದಿದ್ರೆ ತಕೊಂಡೋರ್ಗೆ ಮೋಸ ಆಯ್ತದೆ.”

ನನ್ನ ಕೈಯೂ ಅವರವ್ವನ ಕೈಯಷ್ಟೇ ಉದ್ದ. ಒಂದು ಮೊಳಕ್ಕೆ ನಾಲ್ಕು ಬೆರಳಾದ್ರೆ ಎರಡು ಮೊಳಕ್ಕೆ ಎಂಟು. ಇಡೀ ಕ್ಲಾಸಲ್ಲಿ ಸರಿಯಾಗಿ ಅಳೆದಿದ್ದು ಅವಳೊಬ್ಬಳೇ ಕಣ್ರೋ! ಅಲ್ಲೇ ಅವರವ್ವನ ಮುಂದೆ, “ತಪ್ಪು ನಂದು ಕಣವ್ವಾ, ಅವಳ ಲೆಕ್ಕ ಸರಿಯಾಗಿದೆ” ಅಂದೆ. ಅವರವ್ವ ನನ್ನ ಮುಖ ನೋಡಿದ್ಲು, ಮಗಳ ಕೈ ನೋಡಿದ್ಲು. “ಓಗಿ ಬ್ಯಾಗ್ ತಕೊಂಬಾ ಓಗು” ಅಂದ್ಲು.

ಕ್ಲಾಸಲ್ಲಿ ಎಲ್ಲರೆದುರಿಗೇ ಆ ತಪ್ಪು ಗುರುತು ಹೊಡೆದುಹಾಕಿ ಸರಿ ಹಾಕ್ದೆ. ರತ್ನಿ ಕಾರ್ಡು ಈಸ್ಕೊಂಡು, “ಅಂಗಾದ್ರೆ ಎಲ್ರುಗೂ ಒಂದೇ ಅಳತೆ ಕೈ ಬೇಕಲ್ವಾ ಮಿಸ್ಸು?” ಅಂದ್ಲು. ಮೇಜಿನ ಮೇಲಿದ್ದ ಮೀಟರ್ ಕೋಲು ಅವಳ ಕೈಗೆ ಕೊಟ್ಟೆ. ಸೆಂಟಿಮೀಟರ್ ಪಾಠ ಆವತ್ತೇ ಶುರುವಾಯ್ತು, ಒಂದು ಮಗೂನೂ ಮಂಕಾಗಿ ಕೂರಲಿಲ್ಲ.

ಅದಕ್ಕೇ ಹೇಳೋದು, ತಪ್ಪು ಹಾಕೋಕೆ ಮುಂಚೆ ‘ಹೆಂಗೆ ಅಳೆದೆ ಮಗಾ’ ಅಂತ ಒಂದ್ಸಲ ಕೇಳ್ಬೇಕು. ಅಷ್ಟೇ. ಏಳಿ, ಊಟಕ್ಕೆ ಕೈ ತೊಳ್ಕೊಳಿ.