ಎಲ್ಲೂ ಬರೆದಿಡದ ಪಾಸ್‌ವರ್ಡ್

“ತಲೆಕೂದಲು ಬೆಳ್ಳಗಾದ್ರೆ ಸಾಲ್ದು ಕಣ್ರೀ, ತಲೆ ಒಳಗೂ ಏನಾದ್ರೂ ಇರ್ಬೇಕು!”

ಆಸ್ಪತ್ರೆಯ ಕೌಂಟರಿನಲ್ಲಿ ಮ್ಯಾನೇಜರು ಹೀಗೆ ಕಿರುಚಿದ್ದು ಸಾಲಿನಲ್ಲಿದ್ದ ನಮಗೆಲ್ಲ ಕೇಳಿಸಿತು. ಅಕ್ಕನ ಎಕ್ಸ್‌ರೇ ವರದಿಗಾಗಿ ನಾನು ಬೆಳಿಗ್ಗೆಯಿಂದ ನಿಂತು ಕುದಿಯುತ್ತಿದ್ದೆ. ಬೈಸಿಕೊಂಡವರು ಅಲ್ಲಿನ ಸರ್ವರ್ ನೋಡಿಕೊಳ್ಳುವ, ನರೆತ ತಲೆಯ ಮನುಷ್ಯ.

“ಕರೆಂಟ್ ಹೋಗಿ ಸರ್ವರ್ ಆಫ್ ಆಯ್ತು ಸಾರ್. ರಿಪೋರ್ಟ್‌ಗಳಿರೋ ಡೇಟಾಬೇಸ್‌ನ ಪಾಸ್‌ವರ್ಡ್ ಎನ್ವಿರಾನ್ಮೆಂಟ್ ವೇರಿಯಬಲ್‌ನಲ್ಲಿ, ಅಂದ್ರೆ ಸರ್ವರ್ ಆನ್ ಇರೋವರೆಗೆ ಮಾತ್ರ ಉಳಿಯೋ ನೆನಪಲ್ಲಿ, ಇತ್ತು. ಅದೂ ಅಳಿಸಿಹೋಯ್ತು.”

“ಅಳಿಸಿಹೋಗೋಕೆ ಅದೇನು ಸ್ಲೇಟಾ?”

“ಪ್ರತಿ ಸಲ ನಾನೇ ಬಂದು ಕೈಯಾರೆ ಟೈಪ್ ಮಾಡ್ಬೇಕು, ಈಗ್ಲೂ ಅದಕ್ಕೇ ಬಂದೆ. ಒಂದು ಫೈಲಲ್ಲಿ ಹಾಕಿಟ್ರೆ ಸರ್ವರ್ ತಾನೇ ಓದ್ಕೊಳ್ಳತ್ತೆ ಅಂತ ನಿಮಗೆ ಹೇಳಿದ್ದೆ.”

“ಯಾವಾಗ ಹೇಳಿದ್ರಿ?”

“ಮೂರು ಸಲ. ಕದ್ದುಬಿಡ್ತಾರೆ, ಎಲ್ಲೂ ಬರೀಬೇಡಿ, ತಲೇಲೇ ಇಟ್ಕೊಳ್ಳಿ ಅಂದ್ರಿ.”

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮ್ಯಾನೇಜರ ಮುಖ ಕೆಂಪಾಯಿತು.

“ಜನರ ಮುಂದೆ ನನ್ನ ಮಾನ ಕಳೀತೀರಾ? ನಾಳೆಯಿಂದ ಬರ್ಬೇಡಿ!”

“ನಾಳೆ ಯಾಕೆ ಸಾರ್, ಈಗ್ಲೇ ಹೋಗ್ತೀನಿ.”

ಅವರು ಕೊರಳಲ್ಲಿದ್ದ ಗುರುತಿನ ಚೀಟಿಯನ್ನು ತೆಗೆದು ಕೌಂಟರಿನ ಮೇಲಿಟ್ಟರು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಆಗಲೇ ಹೊಳೆದದ್ದು, ಅವರು ನಾಲ್ಕು ಹೆಜ್ಜೆ ನಡೆದ ಮೇಲೆ ಮ್ಯಾನೇಜರಿಗೂ ಹೊಳೆಯಿತು.

“ರೀ, ನಿಲ್ರೀ! ಆ ಪಾಸ್‌ವರ್ಡ್ ಏನು?”

ಅಕ್ಕನ ವರದಿ ಇವತ್ತು ಸಿಗುವುದಿಲ್ಲ ಎಂದು ಗೊತ್ತಿದ್ದೂ ನಾನು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ಅವರು ತಮ್ಮ ನರೆತ ತಲೆಯನ್ನು ಬೆರಳಿನಿಂದ ತಟ್ಟಿ ತೋರಿಸಿ ಬಾಗಿಲು ದಾಟಿ ಹೋದರು.