ಇಪ್ಪತ್ತೆಂಟು ಸಹಿ

ಗುತ್ತಿಗೆದಾರರ ಕೆಲಸವನ್ನು ಪರಿಶೀಲಿಸುವುದು ಹೇಗೆಂಬ ತರಬೇತಿ ಮುಗಿಸಿ ಇಬ್ಬರು ಅಧಿಕಾರಿಗಳು ಲಿಫ್ಟಿಗೆ ಕಾಯುತ್ತಿದ್ದರು. ಪಕ್ಕದಲ್ಲೇ ನೆಲ ಒರೆಸುತ್ತಿದ್ದ ಹೆಂಗಸಿನ ಕಿವಿಗೆ ಅವರ ಮಾತು ಬಿತ್ತು.

“ಈ ಕಟ್ಟಡದ ಕ್ಲೀನಿಂಗ್ ಗುತ್ತಿಗೆ ನೋಡ್ಕೊಳ್ಳೋದು ನೀವೇ ಅಲ್ವಾ ಸಾರ್?” ಎಂದ ಕಿರಿಯ.

“ಹೂಂ. ಒಂದು ತಕರಾರಿಲ್ಲ. ಇಪ್ಪತ್ತೆಂಟು ಜನಕ್ಕೂ ಕೈಗವಸು ಕೊಟ್ಟಿದಾರೆ,” ಎಂದರು ಹಿರಿಯರು.

“ಕಣ್ಣಾರೆ ನೋಡಿದ್ರಾ?”

“ರಿಜಿಸ್ಟರ್ ನೋಡ್ದೆ. ಇಪ್ಪತ್ತೆಂಟೂ ಸಹಿ. ಹುಡುಕಿದ್ರೂ ಒಂದು ಹೆಬ್ಬೆಟ್ಟಿಲ್ಲ ಕಣಯ್ಯ!”

ಅವಳ ಕೈ ತಟಕ್ಕನೆ ನಿಂತಿತು.

“ಅವರ ಕೈ ನೋಡಿದ್ರಾ ಅಂದೆ.”

“ಕೈ ನೋಡೋಕೆ ನಾನೇನು ಜ್ಯೋತಿಷಿನಾ?”

ಲಿಫ್ಟ್ ಬಂತು. ಅವಳು “ಸಾರ್…” ಎನ್ನುವಷ್ಟರಲ್ಲಿ ಬಾಗಿಲು ಮುಚ್ಚಿತು.

ತನ್ನ ಹೆಸರನ್ನೂ ಬರೆಯಲು ಬಾರದ ಆಕೆ, ಆಸಿಡ್‌ಗೆ ಸುಲಿದ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಅವರ ಬೂಟಿನ ಗುರುತುಗಳನ್ನು ಒರೆಸತೊಡಗಿದಳು.