ಹಬ್ಬದ ತನಕ ಕಾದದ್ದು

ಹಾಸನೂರಿನ ಬಸ್ ನಿಲ್ದಾಣದಲ್ಲಿ ಬಸ್ಸಿಗೆ ಕಾಯುತ್ತಿದ್ದ ಶಕುಂತಲಮ್ಮನ ಪಕ್ಕ ಅಕ್ಕ ತಮ್ಮ ಇಬ್ಬರು ಕೂತಿದ್ದರು, ಕೊಯಮತ್ತೂರಿನ ಆಸ್ಪತ್ರೆಯಿಂದ ಬಂದವರು. ಅಕ್ಕನ ಕುತ್ತಿಗೆಯ ಗಡ್ಡೆ ಸೆರಗಿನಡಿಯಲ್ಲೂ ಕಾಣುತ್ತಿತ್ತು.

“ಡಾಕ್ಟ್ರು ಏನಂದ್ರುಲಾ?”

“ಮೈಯಲ್ಲಿರ ಸೆಲ್ಲುಗಳು ಒಂದು ಎರಡಾಗಕ್ ಮುಂಚೆ ಒಸಿ ನಿಂತು, ಈಗ ಒಡೀಬೋದಾ ಅಂತ ನೋಡ್ಕತ್ತವಂತ ಕಣಕ್ಕ. ಈ ಗಡ್ಡೇಲಿರವು ನಿಲ್ಲದ್ನೇ ಮರ್ತ್‌ಬುಟ್ಟವಂತ. ಒಡ್ದು ಒಡ್ದು ಬೆಳೀತಾನೇ ಅವ.”

“ಕುಯ್ದು ತಗ್ಯಕಾಗಲ್ವಾ?”

“ದೀವಳಿಗ್ಗೂ ಮುಂಚೆ ಬಂದಿದ್ರ ಆಯ್ತಿತ್ತಂತ.”

“ದೀವಳಿಗ ಆದ್ಮೇಲ ಗುಮಟಾಪುರದಲ್ಲಿ ಎರಚಾಡೊ ಅಬ್ಬದ ಸಗಣಿ ಮೆತ್ತುದ್ರ ಕರಗ್ತದ ಅಂತ ಅಲ್ಲಿಗಂಟ ಕಾದೊ ಅಲ್ವಾ?”

“ನಾವು ಕಾದೊ ಕಣಕ್ಕ. ಅದು ಕಾಯ್ನಿಲ್ಲ.”

ಅಕ್ಕ ಸೆರಗನ್ನು ಕುತ್ತಿಗೆಯ ಮೇಲೆ ಇನ್ನಷ್ಟು ಎಳೆದುಕೊಂಡಳು.

“ಬರೋ ವರ್ಸದ ಅಬ್ಬಕ್ಕ ನಾನಿರ್ತಿನೇನ್ಲಾ?”

“ಬಸ್ಸು ಬಂತು, ಏಳಕ್ಕ.”

ಇಬ್ಬರೂ ಎದ್ದು ರಸ್ತೆಬದಿಗೆ ಹೋಗಿ ನಿಂತರು. ಶಕುಂತಲಮ್ಮ ಕತ್ತು ಚಾಚಿ ನೋಡಿದಳು. ಬಸ್ಸು ಬಂದೇ ಇರಲಿಲ್ಲ.